ಪ್ಲೇಗಿನ ವರ್ಷದ ವಲಸೆ

ಮುಂಬಯಿಯಲ್ಲಿ 1896ರಲ್ಲಿ ತಲೆದೋರಿದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಾಗ, ಗಾಳಿಬೆಳಕು ಸಾಲದ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ತಲೆಮಾರುಗಳಿಂದ ನೆಲಸಿದ್ದ ಕುಟುಂಬಗಳು, ನೆರೆಮನೆಯ ಅಟ್ಟದಿಂದ ಇಲಿ ಸತ್ತು ಬಿದ್ದಿತೆಂಬ ಸುದ್ದಿ ಕಿವಿಗೆ ಬಿದ್ದೊಡನೆಯೇ, ಪಾತ್ರೆಪಡಗ, ಹಾಸಿಗೆ, ದೇವರ ಪೆಟ್ಟಿಗೆಗಳನ್ನು ಎತ್ತಿನ ಗಾಡಿಗೆ ಹೇರಿ, ವೃದ್ಧರನ್ನೂ ಮಕ್ಕಳನ್ನೂ ಕೂರಿಸಿಕೊಂಡು, ನಂಟರಿದ್ದ ಸಣ್ಣ ಊರುಗಳ ದಾರಿ ಹಿಡಿದುವು. ನಂಟರಿಲ್ಲದವರು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು.

ಈ ರೋಗವು ಇಲಿಯ ಮೈಮೇಲಣ ಚಿಗಟದಿಂದ ಹರಡುವುದೆಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಅದೇ ವರ್ಷ ಕರಾಚಿಯಲ್ಲಿ ಕಂಡುಕೊಂಡನಾದರೂ, ವಿದ್ವಾಂಸರು ಅದನ್ನು ಅಂಗೀಕರಿಸಲು ವರ್ಷಗಳೇ ಹಿಡಿದುವು. ಇಲಿ ಸತ್ತ ಮನೆಯನ್ನು ತ್ಯಜಿಸಬೇಕೆಂಬ ಜನಸಾಮಾನ್ಯರ ವಿವೇಕವಾದರೋ ಯಾವ ಶಾಸ್ತ್ರದ ಸಮ್ಮತಿಗೂ ಕಾಯಲಿಲ್ಲ. ಅದನ್ನು ಹೇಡಿತನವೆಂದು ಬಗೆಯುವುದು ಅನ್ಯಾಯ. ಆದರೆ ಹೇರಿಕೊಂಡು ಹೋದ ಬಟ್ಟೆಬರೆ, ಧಾನ್ಯದ ಮೂಟೆಗಳೊಡನೆ ಚಿಗಟವೂ ಪಯಣಿಸಬಹುದಾಗಿದ್ದುದರಿಂದ, ಆಶ್ರಯವಿತ್ತ ಊರಿಗೇ ಮಾರಿ ತಗಲುವ ಅಪಾಯವಿದ್ದಿತು. ಮನದಲ್ಲಿ ಭಯವಿದ್ದೂ ಬಾಗಿಲು ತೆರೆದು ಎಲೆ ಹಾಕಿದ ಆ ಹಳ್ಳಿಗಾಡಿನ ಗೃಹಿಣಿಯರ ಔದಾರ್ಯವನ್ನು ಯಾವ ಸರ್ಕಾರಿ ವರದಿಯೂ ಅಳೆಯಲಾರದು.

ಪ್ಲೇಗಿನ ಪಾಠದಿಂದ ಬಸವನಗುಡಿ, ಮಲ್ಲೇಶ್ವರಗಳು ವಿಶಾಲವಾದ ಬೀದಿಗಳೊಡನೆ ಬೆಳೆದುವು. ಆ ಬಡಾವಣೆಗಳ ಚರಿತ್ರೆಯನ್ನು ಹಲವರು ಬರೆದಿದ್ದಾರೆ. ಗಾಡಿಗಳು ಹೋಗಿ ನಿಂತ ಊರುಗಳ ಹೆಸರೂ, ಅಲ್ಲಿಯೇ ಬೇರೂರಿ ಉಳಿದುಬಿಟ್ಟ ಮನೆತನಗಳ ಕಥೆಯೂ ಹಿರಿಯರ ಮಾತಿನಲ್ಲಿ ಎಲ್ಲಿಯಾದರೂ ಉಳಿದಿದ್ದರೆ, ಓದುಗರು ಅದನ್ನು ಕೇಳಿ ಬರೆದಿಡಬೇಕೆಂದು ಬೇಡುತ್ತೇನೆ.