ಹೆಲ್ಮೆಟ್ ಹಾಕೋದು ಬಿಡೋದು ನಮ್ಮಿಷ್ಟವಾ? ಕಾನೂನಿನಲ್ಲಿ ಏನಿದೆ, ಅಂಗಡಿಯಲ್ಲಿ ಏನು ನೋಡಬೇಕು

ಚಿತ್ರದುರ್ಗ: ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಪೇಟೆಗೆ ಹೋದರೂ ಕಾಣೋ ನೋಟ ಒಂದೇ. ಹೆಲ್ಮೆಟ್ ಬೈಕಿನ ಟ್ಯಾಂಕ್ ಮೇಲಿರುತ್ತೆ, ಇಲ್ಲಾ ಕನ್ನಡಿಗೆ ನೇತಾಡ್ತಿರುತ್ತೆ. ಸರ್ಕಲ್‌ನಲ್ಲಿ ಪೊಲೀಸರು ಕಂಡರೆ ತಲೆಗೆ ಬರುತ್ತೆ, ದಾಟಿದ ಮೇಲೆ ಮತ್ತೆ ಟ್ಯಾಂಕಿಗೆ ಹೋಗುತ್ತೆ. ಯಾಕೆ ಅಂತ ಕೇಳಿದರೆ ಸಿಗೋ ಉತ್ತರ, "ನಮ್ಮ ತಲೆ, ನಮ್ಮಿಷ್ಟ. ಬಿದ್ದರೆ ಪೆಟ್ಟಾಗೋದು ನಮಗೆ ತಾನೆ?"

ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಬಂದಿದೆ. ತಾಲ್ಲೂಕಿನ ಬೈಕ್ ಸವಾರರು ಮತ್ತು ಅಂಗಡಿಯವರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಕಾನೂನಿನಲ್ಲಿ ಏನಿದೆ?

* ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 129ರ ಪ್ರಕಾರ ಬೈಕ್ ಓಡಿಸೋರು, ಹಿಂದೆ ಕೂರೋರು ಇಬ್ಬರೂ ಹೆಲ್ಮೆಟ್ ಹಾಕಲೇಬೇಕು. 2019ರ ತಿದ್ದುಪಡಿ ಪ್ರಕಾರ 4 ವರ್ಷ ದಾಟಿದ ಮಕ್ಕಳಿಗೂ ಇದು ಅನ್ವಯ.
* ಪಟ್ಟಿ ಬಿಗಿಯಾಗಿ ಕಟ್ಟಿದ್ದರೆ ಮಾತ್ರ ಹಾಕಿದ ಲೆಕ್ಕ. ತಲೆ ಮೇಲೆ ಸುಮ್ಮನೆ ಇಟ್ಟುಕೊಂಡರೆ ಕಾನೂನಿನ ಕಣ್ಣಲ್ಲಿ ಹಾಕಿಲ್ಲ ಅಂತಲೇ ಅರ್ಥ.
* ವಿನಾಯಿತಿ ಇರೋದು ಪೇಟ ಧರಿಸಿದ ಸಿಖ್ಖರಿಗೆ. ತಲೆಗೆ ಟವಲ್ ಸುತ್ತಿದವರಿಗೆ ಇಲ್ಲ.
* ಕೇಂದ್ರದ ಕಾಯ್ದೆಯಲ್ಲಿ ದಂಡ 1000 ರೂಪಾಯಿ, ಜೊತೆಗೆ 3 ತಿಂಗಳು ಲೈಸೆನ್ಸ್ ಅಮಾನತು. ಕರ್ನಾಟಕದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ದಂಡವನ್ನು 500 ರೂಪಾಯಿಗೆ ಇಳಿಸಲಾಯಿತು.
* 9 ತಿಂಗಳಿಂದ 4 ವರ್ಷದ ಮಗುವನ್ನು ಬೈಕಿನಲ್ಲಿ ಕರೆದೊಯ್ಯುವಾಗ ಮಗುವಿಗೆ ಅಳತೆಯ ಹೆಲ್ಮೆಟ್ ಬೇಕು. ಸವಾರನ ಜೊತೆ ಮಗುವನ್ನು ಕಟ್ಟುವ ಸುರಕ್ಷತಾ ಬೆಲ್ಟ್ ಬೇಕು. ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

'ನಮ್ಮಿಷ್ಟ' ಅನ್ನೋ ವಾದ ಕೋರ್ಟ್‌ನಲ್ಲಿ ಏನಾಯ್ತು?

ಹಿಂದಿನ ಆಂಧ್ರಪ್ರದೇಶದಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದ್ದನ್ನು ಪ್ರಶ್ನಿಸಿ ಹಾಕಿದ ಕೇಸು ಅಜಯ್ ಕಾನು ವಿರುದ್ಧ ಭಾರತ ಸರ್ಕಾರ. ಹೆಲ್ಮೆಟ್ ನಿಯಮದಿಂದ ಸಂವಿಧಾನ ಕೊಟ್ಟ ಮುಕ್ತ ಸಂಚಾರದ ಹಕ್ಕಿಗೆ ಧಕ್ಕೆ ಆಗುತ್ತೆ ಅನ್ನೋದು ಅಲ್ಲಿನ ವಾದವಾಗಿತ್ತು. 1988ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ನಿಯಮ ಇರೋದು ಸವಾರನ ಜೀವ ಉಳಿಸೋಕೆ, ಅದರಿಂದ ಯಾರ ಓಡಾಟಕ್ಕೂ ತಡೆ ಆಗಲ್ಲ ಅನ್ನೋದು ತೀರ್ಪಿನ ಸಾರ.

ಅಮೆರಿಕದ ಫ್ಲೋರಿಡಾ ರಾಜ್ಯ 2000ದಲ್ಲಿ ಬೇರೆ ದಾರಿ ಹಿಡಿಯಿತು. 21 ವರ್ಷ ದಾಟಿದವರು, ಕನಿಷ್ಠ 10 ಸಾವಿರ ಡಾಲರ್ ವೈದ್ಯಕೀಯ ವಿಮೆ ಇದ್ದರೆ, ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಬಹುದು ಅಂತ ಬಿಟ್ಟಿತು. ನಂತರದ ವರ್ಷಗಳಲ್ಲಿ ಅಲ್ಲಿ ಬೈಕ್ ಸವಾರರ ಸಾವು ಹೆಚ್ಚಿತು. ಗಮನಿಸಬೇಕಾದ್ದು ಏನಂದ್ರೆ, ಇಷ್ಟ ನಿಮ್ಮದು ಅಂದ ಸರ್ಕಾರ ಕೂಡ ಆಸ್ಪತ್ರೆ ಖರ್ಚಿಗೆ ದಾರಿ ಮಾಡ್ಕೊಂಡೇ ಬನ್ನಿ ಅಂತ ಹೇಳಿತು.

ಹೆಲ್ಮೆಟ್ ಬೇಡ ಅನ್ನೋಕೆ ಕೊಡೋ ಕಾರಣಗಳು

"ಇಲ್ಲೇ ಪೇಟೆಗೆ ಹೋಗಿ ಬರೋದು, ಸ್ಪೀಡ್ ಹೋಗಲ್ಲ": ನಿಂತ ಬೈಕಿನಿಂದ ಬಿದ್ದರೂ, 5 ಅಡಿ ಎತ್ತರದಿಂದ ತಲೆ ನೆಲಕ್ಕೆ ತಾಗೋ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಆಗಿರುತ್ತೆ. ಬೈಕಿನ ವೇಗ ಇದರ ಜೊತೆಗೆ ಸೇರೋದು. ಮೇಲಾಗಿ ಹಿರಿಯೂರು, ಚಿತ್ರದುರ್ಗದ ಎಷ್ಟೋ ಹಳ್ಳಿಗಳವರಿಗೆ ಪೇಟೆಗೆ ಬರಬೇಕಂದ್ರೆ ರಾಷ್ಟ್ರೀಯ ಹೆದ್ದಾರಿ 48 ದಾಟಲೇಬೇಕು. ನೀವು ನಿಧಾನ ಹೋದರೂ ಲಾರಿ ನಿಧಾನ ಬರಲ್ಲ.

"ಬಿಸಿಲು, ಸೆಖೆ, ಕೂದಲು ಉದುರುತ್ತೆ": ಸೆಖೆ ಆಗೋದು ನಿಜ. ಅದಕ್ಕೇ ಗಾಳಿ ಕಿಂಡಿ ಇರೋ ಹೆಲ್ಮೆಟ್ ಸಿಗುತ್ತೆ. ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಬಹುದು. ಒಳಪದರವನ್ನು ಆಗಾಗ ತೊಳೆದರೆ ಬೆವರು, ಹೊಟ್ಟಿನ ಕಾಟ ಕಡಿಮೆ.

"ಹಾರ್ನ್ ಕೇಳಿಸಲ್ಲ": ಹಾರ್ನ್ ಸದ್ದಿನ ಜೊತೆಗೆ ಗಾಳಿ, ಇಂಜಿನ್ ಸದ್ದೂ ತಗ್ಗುತ್ತೆ. ಲಾರಿ, ಬಸ್ಸಿನ ಹಾರ್ನ್ ಮರೆಯಾಗುವಷ್ಟು ಕಿವಿ ಮುಚ್ಚಲ್ಲ.

"ಹಿಂದೆ ಕೂತವರಿಗೆ ಯಾಕೆ?": ನಮ್ಮ ಹೊಸದುರ್ಗಕ್ಕೆ ಹೊಂದಿಕೊಂಡ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು ನಟ ಸಂಚಾರಿ ವಿಜಯ್. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದವರು. 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಗೆಳೆಯನ ಬೈಕಿನ ಹಿಂದಿನ ಸೀಟಿನಲ್ಲಿ ಹೋಗುವಾಗ ಅಪಘಾತವಾಗಿ ತಲೆಗೆ ತೀವ್ರ ಪೆಟ್ಟಾಯಿತು. ಹೆಲ್ಮೆಟ್ ಇರಲಿಲ್ಲ ಅಂತ ಆಗ ವರದಿಯಾಗಿತ್ತು. ಮೆದುಳು ನಿಷ್ಕ್ರಿಯವಾಗಿ ತೀರಿಕೊಂಡ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು.

2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಅದರಲ್ಲಿ 14,337 ಜನ ಹಿಂದೆ ಕೂತಿದ್ದವರು.

ಹೆಲ್ಮೆಟ್ ಹೇಗೆ ಕಾಪಾಡುತ್ತೆ?

ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತೆ. ಒಳಗಿನ ಥರ್ಮಕೋಲ್ ಥರದ ಪದರ ಜಜ್ಜಿಹೋಗಿ ಪೆಟ್ಟನ್ನು ತಾನು ತಗೊಳ್ಳುತ್ತೆ. ಅದಕ್ಕೇ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ನೋಡೋಕೆ ಚೆನ್ನಾಗಿದ್ದರೂ ಬದಲಾಯಿಸಬೇಕು. ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ 42ರಷ್ಟು, ತಲೆ ಪೆಟ್ಟಿನ ಅಪಾಯವನ್ನು ಶೇ 69ರಷ್ಟು ಕಡಿಮೆ ಮಾಡುತ್ತೆ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2008ರ ಪರಿಶೀಲನೆ ಹೇಳುತ್ತೆ. ಅಪಘಾತವನ್ನೇ ತಪ್ಪಿಸೋ ಶಕ್ತಿ ಹೆಲ್ಮೆಟ್‌ಗಿಲ್ಲ. ಗುಂಡಿ ಬಿದ್ದ ರಸ್ತೆ, ದೀಪ ಇಲ್ಲದ ತಿರುವು ಸರಿ ಮಾಡಬೇಕಾದವರ ಹೊಣೆ ಇದರಿಂದ ಮುಗಿಯಲ್ಲ.

ಕೊಳ್ಳೋರು, ಮಾರೋರು ಗಮನಿಸಿ

* 2021ರ ಜೂನ್ 1ರಿಂದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸೋದು, ಮಾರೋದು ಎರಡೂ ಅಪರಾಧ. ಬಿಐಎಸ್ ಕಾಯ್ದೆ 2016ರ ಪ್ರಕಾರ ಮೊದಲ ಸಲಕ್ಕೆ ಕನಿಷ್ಠ 2 ಲಕ್ಷ ರೂಪಾಯಿ ದಂಡ ಅಥವಾ 2 ವರ್ಷದವರೆಗೆ ಜೈಲು. ಅಂಗಡಿಯವರು ಸ್ಟಾಕ್ ತರಿಸುವಾಗಲೇ ನೋಡಿಕೊಳ್ಳೋದು ಒಳ್ಳೇದು.
* ಐಎಸ್ಐ ಗುರುತಿನ ಮೇಲೆ ಐಎಸ್ 4151 ಅಂತ, ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ಗೊತ್ತಾಗುತ್ತೆ.
* ಟೋಪಿ ಥರದ್ದು ಬೇಡ. ಕಿವಿ, ತಲೆಯ ಹಿಂಭಾಗ ಮುಚ್ಚಬೇಕು. ಪಟ್ಟಿ ಕಟ್ಟಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜಾರಬಾರದು.
* ಹೊಸ ಬೈಕ್ ಕೊಳ್ಳುವಾಗ ಬಿಐಎಸ್ ಗುಣಮಟ್ಟದ ಹೆಲ್ಮೆಟ್ ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ಶೋರೂಂನಲ್ಲಿ ಕೇಳಿ ಪಡೆಯಿರಿ.

ಪೆಟ್ಟು ಯಾರಿಗೆ?

ತಲೆಗೆ ಪೆಟ್ಟು ಬಿದ್ದವರನ್ನು 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಸಾಗಿಸಬೇಕು. ಅಲ್ಲೂ ಆಗದಿದ್ದರೆ ಮುಂದಕ್ಕೆ. ನಿಮ್ಹಾನ್ಸ್ ಇರೋದು ದುರ್ಗದಿಂದ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನಲ್ಲಿ. ಅಷ್ಟು ದೂರ ಆಂಬುಲೆನ್ಸ್‌ನಲ್ಲಿ ಜೊತೆಗೆ ಕೂರೋದು, ಸಾಲ ಎತ್ತೋದು, ಅಂಗಡಿ ಬಾಗಿಲು ಹಾಕಿ ತಿಂಗಳುಗಟ್ಟಲೆ ಆರೈಕೆ ಮಾಡೋದು ಮನೆಯವರು. ಪೆಟ್ಟಾಗೋದು ನಮಗೆ ತಾನೆ ಅನ್ನೋ ಮಾತಲ್ಲಿ ಬಿಟ್ಟುಹೋಗೋದು ಇವರೇ. ಹೆಲ್ಮೆಟ್‌ನ ಬಣ್ಣ, ಕಂಪನಿ, ಅಳತೆ ಖಂಡಿತ ನಿಮ್ಮಿಷ್ಟ. ಹಾಕೋ ವಿಷಯ ಮಾತ್ರ ಒಬ್ಬರ ತಲೆಗೆ ಮುಗಿಯೋದಲ್ಲ.