ಮುಳುಗಿದೆಯೋ, ಮುಳುಗಿಹೋಗಿದೆಯೋ? ಇಂಗ್ಲಿಷ್ ಬರಹದಲ್ಲಿ ‘ಪರ್ಮನೆಂಟ್ಲಿ’

ಕೃಷ್ಣಾ ಮತ್ತು ಘಟಪ್ರಭಾ ತೀರದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹೊಲ ಎರಡು ಬಗೆಯಲ್ಲಿ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ಬಂದಂತಹ ಪ್ರವಾಹ ಇಳಿದುಹೋಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಸ್ವಾಧೀನಗೊಂಡ ಭೂಮಿ ಒಡೆಯನಿಗೆ ಮರಳುವುದಿಲ್ಲ. ಮೊದಲನೆಯದಕ್ಕೆ ಬೆಳೆ ಪರಿಹಾರ, ಎರಡನೆಯದಕ್ಕೆ ಭೂಮಿಯ ಬೆಲೆ. ಇಂಗ್ಲಿಷಿನಲ್ಲಿ ಮನವಿ ಬರೆಯುವವರು ಈ ಭೇದವನ್ನು ಕ್ರಿಯಾಪದದಲ್ಲಿಯೇ ತೋರಿಸಬೇಕಾಗುತ್ತದೆ.

ಕನ್ನಡಕ್ಕೆ ಇದು ಸುಲಭ. ‘ಹೊಲ ಮುಳುಗಿದೆ’ ಎಂಬುದಕ್ಕೂ ‘ಹೊಲ ಮುಳುಗಿಹೋಗಿದೆ’ ಎಂಬುದಕ್ಕೂ ಇರುವ ಅಂತರ ಯಾರಿಗೂ ಹೇಳಿಕೊಡಬೇಕಾದುದಲ್ಲ. ಇಂಗ್ಲಿಷಿನಲ್ಲಿ ಇಂತಹ ‘ಹೋಗು’ ಇಲ್ಲವಾದ್ದರಿಂದ ಆ ಕೆಲಸವನ್ನು ಕ್ರಿಯಾವಿಶೇಷಣ ಮಾಡುತ್ತದೆ. ‘ದ ಫೀಲ್ಡ್ ಹ್ಯಾಸ್ ಬೀನ್ ಸಬ್‌ಮರ್ಜ್ಡ್’ ಎಂದರೆ ಹೊಲ ಮುಳುಗಿದೆ ಎಂದಷ್ಟೇ ಆಯಿತು. ನೀರು ಇಳಿದೀತೇ ಎಂಬುದು ತಿಳಿಯದು. ‘ಹ್ಯಾಸ್ ಬೀನ್ ಪರ್ಮನೆಂಟ್ಲಿ ಸಬ್‌ಮರ್ಜ್ಡ್’ ಎಂದಾಗ ಸಂದೇಹ ಉಳಿಯುವುದಿಲ್ಲ. ಸಹಾಯಕ ಕ್ರಿಯಾಪದಗಳ ನಂತರ, ಮುಖ್ಯ ಕ್ರಿಯಾಪದದ ಮೊದಲು ಎಂಬುದೇ ಈ ಪದಕ್ಕೆ ಸಹಜವಾದ ಸ್ಥಾನ. ‘ಫಾರೆವರ್’ ವಾಕ್ಯದ ಕೊನೆಗೆ ಬರುತ್ತದೆ. ಆದರೆ ಅದು ಸಿನಿಮಾ ಹಾಡಿಗೆ ಒಪ್ಪುವಷ್ಟು ತಹಶೀಲ್ದಾರರ ಕಚೇರಿಗೆ ಒಪ್ಪದು.

ಬಹಳಷ್ಟು ಮಂದಿ ಎಡವುವುದು ಇಸವಿಯಲ್ಲಿ. ‘ಹ್ಯಾಸ್ ಬೀನ್ ಸಬ್‌ಮರ್ಜ್ಡ್ ಇನ್ 2019’ ಎಂಬುದು ತಪ್ಪು. ಕಾಲವನ್ನು ಗುರುತಿಸಿ ಹೇಳಿದೊಡನೆ ‘ವಾಸ್ ಸಬ್‌ಮರ್ಜ್ಡ್ ಇನ್ 2019’ ಎಂದು ಸಾಮಾನ್ಯ ಭೂತಕಾಲಕ್ಕೆ ಇಳಿಯಬೇಕು. ಇನ್ನೊಂದು ಹಳೆಯ ಘಟನೆಗಿಂತ ಮೊದಲೇ ಮುಳುಗಿದ್ದರೆ ‘ಹ್ಯಾಡ್ ಬೀನ್ ಪರ್ಮನೆಂಟ್ಲಿ ಸಬ್‌ಮರ್ಜ್ಡ್’.

ಭವಿಷ್ಯದ ರೂಪಕ್ಕೆ ಹೆಚ್ಚಿನ ಎಚ್ಚರ ಬೇಕು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರ ತೀರ್ಪಿನಲ್ಲಿ ಅವಕಾಶ ನೀಡಿತು. ಆ ಮಟ್ಟ ತಲುಪುವ ವೇಳೆಗೆ ಮುಳುಗಿಹೋಗಿರುವ ಭೂಮಿಗೆ ‘ವಿಲ್ ಹ್ಯಾವ್ ಬೀನ್ ಪರ್ಮನೆಂಟ್ಲಿ ಸಬ್‌ಮರ್ಜ್ಡ್’ ಎನ್ನಬೇಕು. ಇನ್ನೂ ಒಣಗಿರುವ ಹೊಲಕ್ಕೆ ‘ಹ್ಯಾಸ್ ಬೀನ್’ ಎಂದು ಬರೆದರೆ ಅರ್ಜಿಯೇ ಸುಳ್ಳಾಗುತ್ತದೆ.

‘ಆಲ್ವೇಸ್’ ಬೇರೆ ಜಾತಿಯದು. ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ಬನಹಟ್ಟಿ’ ಎಂಬ ವಾಕ್ಯ ಹಿಂದಕ್ಕೆ ನೋಡುತ್ತದೆ: ಮೊದಲಿನಿಂದ ಇಂದಿನವರೆಗೆ ಇಲ್ಲಿಯೇ ಇದ್ದೇವೆ ಎಂದರ್ಥ, ನಾಳೆಯ ಮಾತು ಅದರಲ್ಲಿಲ್ಲ. ‘ವಿ ಹ್ಯಾವ್ ಪರ್ಮನೆಂಟ್ಲಿ ಸೆಟಲ್ಡ್ ಇನ್ ಬನಹಟ್ಟಿ’ ಎಂಬುದು ಮುಂದಕ್ಕೆ ನೋಡುತ್ತದೆ. ಎಲ್ಲಿಂದಲೋ ಬಂದು ನೆಲೆಸಿದವರು, ಇನ್ನು ಹೋಗುವವರಲ್ಲ. ತಲೆಮಾರುಗಳಿಂದ ಅಲ್ಲಿಯೇ ಮಗ್ಗ ಹೂಡಿಕೊಂಡಿರುವ ಮನೆತನದವರು ಎರಡನೆಯ ವಾಕ್ಯ ಬರೆದರೆ ತಮ್ಮನ್ನು ತಾವೇ ವಲಸಿಗರೆಂದು ಹೇಳಿಕೊಂಡಂತಾಗುತ್ತದೆ.