ಲ್ಯಾಟಿನ್ ಕರ್ಮಣಿ ಸಬ್ಜಂಕ್ಟಿವ್: ಒಂದು ರೂಪ, ಹಲವು ಮೂಲ

‘ಆಗಲಿ’, ‘ಆಗಬೇಕು’, ‘ಆದೀತು’ ಎಂಬ ಭಾವಗಳನ್ನು ಹೇಳುವ ಲ್ಯಾಟಿನ್ ಕ್ರಿಯಾರೂಪ ಸಬ್ಜಂಕ್ಟಿವ್. ಅದರ ಕರ್ಮಣಿ ರೂಪಗಳನ್ನು ಪಠ್ಯಪುಸ್ತಕಗಳು ಒಂದೇ ಪಟ್ಟಿಯಲ್ಲಿ ಕೊಡುತ್ತವೆ. ‘ಅಮಾತುರ್’ ಎಂದರೆ ಪ್ರೀತಿಸಲ್ಪಡುತ್ತಾನೆ. ಸ್ವರ ಬದಲಾಗಿ ‘ಅಮೇತುರ್’ ಆದರೆ ಪ್ರೀತಿಸಲ್ಪಡಲಿ. ಉಳಿದ ಗಣಗಳಲ್ಲಿ ಆಕಾರ ಬರುತ್ತದೆ: ‘ರೆಗಿತುರ್’ (ಆಳಲ್ಪಡುತ್ತಾನೆ), ‘ರೆಗಾತುರ್’ (ಆಳಲ್ಪಡಲಿ). ಮುಗಿದ ಕ್ರಿಯೆಗೆ ಮಾತ್ರ ‘ಅಮಾತುಸ್ ಸಿತ್’ ಎಂದು ಎರಡು ಪದ ಬೇಕು. ನೋಡಲು ಅಚ್ಚುಕಟ್ಟಾದ ಈ ಪಟ್ಟಿಯ ತುಂಡುಗಳು ಒಂದೇ ಮೂಲದವಲ್ಲ.

ಕೊನೆಯ ರಕಾರವನ್ನೇ ನೋಡೋಣ. ಅದು ‘ಸೆ’ (ತನ್ನನ್ನು) ಎಂಬ ಸರ್ವನಾಮದಿಂದ ಬಂತೆಂದು 19ನೇ ಶತಮಾನದಲ್ಲಿ ಭಾಷಾವಿದ್ವಾಂಸ ಫ್ರಾಂಜ್ ಬಾಪ್ ವಾದಿಸಿದ್ದ. ಲ್ಯಾಟಿನ್‌ನಲ್ಲಿ ಸ್ವರಗಳ ನಡುವಿನ ಸಕಾರ ರಕಾರವಾಗುವುದುಂಟು, ಹಾಗಾಗಿ ಊಹೆ ತೀರಾ ಅಸಂಗತವೇನಲ್ಲ. ಅದನ್ನು ಕೆಡವುವ ಸಾಕ್ಷ್ಯ ಇಟಲಿಯಲ್ಲೇ ಇತ್ತು. 1848ರಲ್ಲಿ ಅನ್ಯೋನೆ ಬಳಿ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಓಸ್ಕನ್ ಭಾಷೆಯ ಕಂಚಿನ ಫಲಕದಲ್ಲಿ ‘ಸಕಹಿತೆರ್’ (ಪವಿತ್ರಗೊಳಿಸಲ್ಪಡಲಿ) ಎಂಬ ಕರ್ಮಣಿ ಸಬ್ಜಂಕ್ಟಿವ್ ಇದೆ. ಓಸ್ಕನ್‌ನಲ್ಲಿ ಸಕಾರ ಹಾಗೆ ರಕಾರವಾಗುವುದಿಲ್ಲ. ಆದರೂ ರಕಾರ ಕೂತಿದೆ. ಹಳೆಯ ಐರಿಷ್‌ನಲ್ಲೂ ಅದು ಇದೆ. 20ನೇ ಶತಮಾನದ ಆರಂಭದಲ್ಲಿ ವಿದ್ವಾಂಸರು ಓದಲು ಕಲಿತ ತೊಖಾರಿಯನ್ ಮತ್ತು ಹಿಟ್ಟೈಟ್ ಭಾಷೆಗಳಲ್ಲೂ ಕಾಣಿಸಿಕೊಂಡ ಮೇಲೆ ಬಾಪ್‌ನ ವಾದಕ್ಕೆ ನೆಲೆ ಉಳಿಯಲಿಲ್ಲ.

ಎರಡು ಪದದ ರೂಪಕ್ಕೆ ಇನ್ನೊಂದು ಕಂಚಿನ ಫಲಕ ಸಾಕ್ಷಿ. ಕ್ರಿ.ಪೂ. 186ರಲ್ಲಿ ಬಾಕಸ್ ಆರಾಧನೆಯನ್ನು ಹತ್ತಿಕ್ಕಲು ರೋಮ್‌ನ ಸೆನೆಟ್ ಹೊರಡಿಸಿದ ಆಜ್ಞೆಯ ಈ ಪ್ರತಿ ವಿಯೆನ್ನಾದಲ್ಲಿದೆ. ಆರಾಧನಾ ಸ್ಥಳಗಳು ಹತ್ತು ದಿನದೊಳಗೆ ತೆರವಾಗಿರಬೇಕು ಎನ್ನುವಲ್ಲಿ ‘ದಿಸ್‌ಮೋತ ಸಿಯೆಂತ್’ ಎಂದಿದೆ. ಮುಂದೆ ರೋಮನ್ ವಾಗ್ಮಿ ಸಿಸೆರೊನ ಕಾಲದವರು ‘ಸಿಂತ್’ ಎನ್ನುತ್ತಿದ್ದರು. ಏಕವಚನದ ‘ಸಿಯೆತ್’ ನಮ್ಮ ಸಂಸ್ಕೃತ ವಿಧಿಲಿಙ್ ರೂಪ ‘ಸ್ಯಾತ್’ನ ಒಡಹುಟ್ಟು. ಅಂದರೆ ಇಲ್ಲಿ ಸಬ್ಜಂಕ್ಟಿವ್ ಎಂಬ ಹೆಸರಿನಡಿ ಇರುವುದು ಹಳೆಯ ಆಶಯಾರ್ಥಕ ರೂಪ. ಮೂಲ ಇಂಡೋ-ಯುರೋಪಿಯನ್ ಸಬ್ಜಂಕ್ಟಿವ್ ಲ್ಯಾಟಿನ್‌ನಲ್ಲಿ ‘ಎರಿತ್’ (ಇರುವನು) ಎಂಬ ಭವಿಷ್ಯತ್ಕಾಲವಾಯಿತು. ‘ರೆಗಾತುರ್’ನ ಆಕಾರ ಎಲ್ಲಿಯದೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಬಳಕೆಯಲ್ಲಿ ಕರ್ಮಣಿ ಸಬ್ಜಂಕ್ಟಿವ್ ಹೆಚ್ಚಾಗಿ ಬರುವುದು ‘ಉತ್’ (ಆಗುವಂತೆ), ‘ನೇ’ (ಆಗದಂತೆ) ಎಂಬ ಪದಗಳ ಬೆನ್ನಿಗೆ, ಉದ್ದೇಶ ಅಥವಾ ಪರಿಣಾಮ ಹೇಳುವ ಉಪವಾಕ್ಯಗಳಲ್ಲಿ. ಆದರೆ ವ್ಯಾಕರಣವಷ್ಟೇ ಇದರ ಆಯ್ಕೆಯನ್ನು ನಿರ್ಧರಿಸುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಸಿಸೆರೊ ವಾಕ್ಯ ಮುಗಿಸುತ್ತಿದ್ದ ‘ಎಸ್ಸೆ ವಿದೆಆತುರ್’ (ಇರುವಂತೆ ತೋರಲಿ) ಎಂಬುದನ್ನು ಛಂದಸ್ಸಿನ ಲೆಕ್ಕದಲ್ಲಿ ನೋಡಿ: ಒಂದು ಗುರು, ಮೂರು ಲಘು, ಮತ್ತೆ ಗುರು, ಅದರ ನಂತರ ಹೇಗಾದರೂ ಸಲ್ಲುವ ಕೊನೆಯಕ್ಷರ. ಇದನ್ನೇ ‘ಎಸ್ಸೆ ವಿದೇತುರ್’ ಎಂದು ನಿರ್ದೇಶಾರ್ಥಕ್ಕೆ ತಿರುಗಿಸಿದರೆ ಒಂದು ಲಘು ಕಳಚಿ, ಮಹಾಕಾವ್ಯದ ಷಟ್ಪಾದಿ (ಹೆಕ್ಸಾಮೀಟರ್) ಸಾಲಿನ ಮುಕ್ತಾಯವಾಗುತ್ತದೆ. ಗದ್ಯದಲ್ಲಿ ಅದು ಸಲ್ಲದೆಂದು ವಾಗ್ಮಿಗಳು ದೂರವಿಡುತ್ತಿದ್ದರು. ಅನುಕರಿಸುವವರ ಕಾಟ ಎಷ್ಟಿತ್ತೆಂದರೆ, ಈ ಎರಡು ಪದದಿಂದ ವಾಕ್ಯ ಮುಗಿಸಿದರೆ ಸಿಸೆರೊ ಆದೆವೆಂದು ಭಾವಿಸುವವರನ್ನು ವಾಗ್ಮಿತೆಯ ಶಿಕ್ಷಕ ಕ್ವಿಂಟಿಲಿಯನ್ ಗೇಲಿ ಮಾಡಿದ್ದಾನೆ. ಇತಿಹಾಸಕಾರ ಟ್ಯಾಸಿಟಸ್‌ನ ಸಂವಾದ ಗ್ರಂಥದಲ್ಲಿ ಸಿಸೆರೊನೇ ಟೀಕೆಗೆ ಗುರಿ.

ಆಡುಮಾತಿನಲ್ಲಿ ಕೊನೆಗೆ ಗೆದ್ದದ್ದು ಎರಡು ಪದದ ರೂಪ. ಇಟಾಲಿಯನ್‌ನ ‘ಸಿಯಾ ಅಮಾತೊ’ ‘ಅಮಾತುಸ್ ಸಿತ್’ನ ಮಾದರಿಯದೇ, ಅರ್ಥ ಮಾತ್ರ ವರ್ತಮಾನಕ್ಕೆ ಸರಿದಿದೆ. ರಕಾರಾಂತ ಕರ್ಮಣಿ ರೂಪ ಇಂದಿನ ಯಾವ ರೋಮಾನ್ಸ್ ಭಾಷೆಯಲ್ಲೂ ಉಳಿದಿಲ್ಲ.